ದಿಣ್ಣೆ ಹತ್ತುವಾಗಿನ ನಡುಕ

ಕೆಲಮಂಗಲ ದಾಟಿ ಡೆಂಕಣಿಕೋಟೆಯ ಕಡೆಗೆ ಹೋಗುವಾಗ ರಸ್ತೆ ಒಂದು ದಿಣ್ಣೆಯನ್ನು ಹತ್ತುತ್ತದೆ. ದೊಡ್ಡ ದಿಣ್ಣೆಯೇನಲ್ಲ, ಬಸ್ಸುಗಳು ಗೇರು ಬದಲಿಸಿ, ಒಮ್ಮೆ ಗೊಣಗಿ, ಹತ್ತಿಬಿಡುತ್ತವೆ. ಆದರೆ ನಮ್ಮ ಹಳೆಯ ಬಿಳಿ ಕಾರು ಆ ವರ್ಷದ ಮಳೆಗಾಲದಿಂದೀಚೆಗೆ ಅಲ್ಲಿ ನಡುಗತೊಡಗಿತ್ತು. ಮೊದಲು ಸ್ಟೇರಿಂಗಿನಲ್ಲಿ ಸಣ್ಣದೊಂದು ಜುಮುಗುಟ್ಟುವಿಕೆ. ಆಮೇಲೆ ಕಾಲಡಿಯ ನೆಲದಲ್ಲಿ, ಸೀಟಿನಲ್ಲಿ. ದಿಣ್ಣೆಯ ನಡುಭಾಗಕ್ಕೆ ಬರುವ ಹೊತ್ತಿಗೆ ಮುಂಭಾಗವೆಲ್ಲ ಚಳಿಜ್ವರ ಬಂದವರ ದವಡೆಯಂತೆ ಅದುರುತ್ತಿತ್ತು. ನೆತ್ತಿ ತಲುಪಿ ಇಳಿಜಾರು ಸಿಕ್ಕಿದೊಡನೆ, ಏನೂ ನಡೆದೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು.

ಕಾರು ಓಡಿಸುತ್ತಿದ್ದವಳು ನನ್ನ ಹೆಂಡತಿ. ನಾನು ಪಕ್ಕದ ಸೀಟಿನವನು. ಒಂದು ಕಣ್ಣಿನ ದೃಷ್ಟಿ ಮಂದವಾದ ಮೇಲೆ ನಾನು ಓಡಿಸುವುದನ್ನು ಬಿಟ್ಟೆ. ಅದೇ ಕಾರಣಕ್ಕೆ, ನಿವೃತ್ತಿಯ ವಯಸ್ಸು ಬರುವ ಮೊದಲೇ, ಕನ್ನಡ ಪಾಠ ಹೇಳುವುದನ್ನೂ ಬಿಟ್ಟೆ. ಕಪ್ಪು ಹಲಗೆಯ ಮೇಲೆ ನಾನೇ ಬರೆದ ವಾಕ್ಯ ನನಗೇ ಮಸುಕಾಗಿ ಕಂಡ ಮೇಲೆ, ಮಕ್ಕಳ ತಪ್ಪುಗಳನ್ನು ತಿದ್ದುವ ಅಧಿಕಾರ ನನಗಿಲ್ಲವೆಂದು ತೀರ್ಮಾನಿಸಿದೆ. ಹೊಸೂರಿನ ಅಂಚಿನ ಮೂಕಂಡಪಲ್ಲಿಯ ನಮ್ಮ ಮನೆಯ ಮುಂದೆ ಕಾರು ಕೆಲವು ತಿಂಗಳು ಧೂಳು ಹಿಡಿದು ನಿಂತಿತ್ತು. ಆಗ ಅವಳು ಒಂದು ಬೆಳಗ್ಗೆ ಗಾಜು ಒರೆಸುತ್ತ, "ನಾನೇ ಕಲ್ತ್ಕೋತೀನಿ" ಎಂದಳು. ನಾವು ಇಬ್ಬರೂ ಐವತ್ತರ ಆಸುಪಾಸಿನವರು. ಇದು ಕಲಿಯುವ ವಯಸ್ಸೇ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಯನ್ನು ಬೇರೆಯವರು ಸಾಕಷ್ಟು ಕೇಳಿದರು.

ಅವಳಿಗೆ ಕಾರು ಬೇಕಾಗಿದ್ದುದು ತಿರುಗಾಟಕ್ಕಲ್ಲ. ದಿಣ್ಣೆಯ ಆಚೆಗಿನ ಹಳ್ಳಿಯೊಂದರಲ್ಲಿ ಅವಳ ಅಣ್ಣನ ಮನೆ, ಹೊಲ. ಅಲ್ಲಿ ಅವಳೂ ಅವಳ ಅತ್ತಿಗೆಯೂ ಸೇರಿ ರಾಗಿಯನ್ನು ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು, ಬೀಸಿಸಿ ಹುರಿಹಿಟ್ಟು ಮಾಡುವ ಕೆಲಸ ಆರಂಭಿಸಿದ್ದರು. ಹಿಟ್ಟು ಕೊಳ್ಳುವವರು ಇದ್ದದ್ದು ನಮ್ಮ ಮೂಕಂಡಪಲ್ಲಿಯಲ್ಲಿ: ಕಾರ್ಖಾನೆಗಳ ಪಾಳಿ ಕೆಲಸದವರ ಮನೆಗಳು, ಬೆಳಗಿನ ಹೊತ್ತು ಒಲೆ ಹಚ್ಚಲು ಬಿಡುವಿಲ್ಲದವರು. ಹಳ್ಳಿಯಿಂದ ಚೀಲಗಳನ್ನು ತರಬೇಕು. ಬಸ್ಸಿನ ಕಂಡಕ್ಟರು ಚೀಲ ಕಂಡರೆ ಶಿಳ್ಳೆ ಊದಿಬಿಡುತ್ತಾನೆ. ಕಾರಿದ್ದರೆ ಈ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಅವಳು ಓಡಿಸಲು ಕಲಿತ ಬಗೆಯನ್ನು ಇಲ್ಲಿಯೇ ಹೇಳಬೇಕು. ಹೊಸೂರಿನ ತರಬೇತಿ ಶಾಲೆಯಲ್ಲಿ ಲೈಸೆನ್ಸು ಸಿಕ್ಕಿತು, ಧೈರ್ಯ ಸಿಗಲಿಲ್ಲ. ಧೈರ್ಯ ಸಿಕ್ಕಿದ್ದು ಅಣ್ಣನ ಹುರುಳಿಯ ಮೇಲೆ. ನಮ್ಮ ಕಡೆ ಈಗ ಕಣ ಮಾಡುವವರು ಅಪರೂಪ. ಹಿಂದೆ ನೆಲ ಕೆತ್ತಿ, ನೀರು ಚಿಮುಕಿಸಿ, ಸಗಣಿ ಸಾರಿಸಿ, ಅದರ ಮೇಲೆ ತೆನೆ ಹರಡಿ ಕಲ್ಲಿನ ಗುಂಡು ಎಳೆಸುತ್ತಿದ್ದರು. ಈಗ ಟಾರು ರಸ್ತೆಯೇ ಕಣ. ಹೋಗಿಬರುವ ವಾಹನಗಳೇ ಗುಂಡು. ಕೊಯ್ದ ರಾಗಿ, ಹುರುಳಿ, ಅವರೆ ಎಲ್ಲವನ್ನೂ ರಸ್ತೆಯಗಲ ಹರಡಿ, ಮನೆಯವರು ಅಂಚಿನಲ್ಲಿ ಕವೆಗೋಲು ಹಿಡಿದು ಕೂರುತ್ತಾರೆ. ಅದನ್ನು ಬಳಸಿಕೊಂಡು ಹೋಗುವ ಕಾರಿನವನು ಬಿಂಕದವನು. ಮೇಲೆಯೇ ಹಾಯ್ದು ಹೋಗುವವನು ನಮ್ಮವನು. ಇದು ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಮರ್ಯಾದೆ.

ಅಣ್ಣನ ಮನೆಯ ಮುಂದಿನ ರಸ್ತೆಯಲ್ಲಿ ವಾಹನಗಳು ಕಡಿಮೆ. ಹುರುಳಿ ಹರಡಿ ಕಾದು ಕಾದು ಬೇಸತ್ತ ಅಣ್ಣನಿಗೆ ತಂಗಿಯ ಕಾರು ದೇವರು ಕೊಟ್ಟ ಗುಂಡಿನಂತೆ ಕಂಡಿತು.

"ಇಲ್ಲೇ ಓಡ್ಸು ಕಣಮ್ಮ. ನಿಂಗೂ ಪಾಠ ಆಯ್ತದೆ, ನಂಗೂ ಕಾಳಾಯ್ತದೆ" ಎಂದ.

ಅವಳು ಓಡಿಸಿದಳು. ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಕ್ಲಚ್ಚನ್ನು ನಿಧಾನವಾಗಿ ಬಿಡುವುದು, ಹಿಂದೆ ತಿರುಗಿ ನೋಡುತ್ತ ನೇರವಾಗಿ ರಿವರ್ಸ್ ಬರುವುದು, ಅಂಚಿಗೆ ಚಕ್ರ ತಾಗದಂತೆ ನಿಲ್ಲಿಸುವುದು, ಇವೆಲ್ಲವನ್ನೂ ಆ ಮೆತ್ತನೆಯ ಬಳ್ಳಿಗಳ ಮೇಲೆ ಕಲಿತಳು. ಅತ್ತಿಗೆ ಬದುವಿನ ಮೇಲೆ ಕೂತು, "ಇನ್ನೊಂದ್ ಸುತ್ತು, ಈ ಕಡೆ ಇನ್ನೂ ಒಡ್ದಿಲ್ಲ" ಎಂದು ಕೂಗುತ್ತಿದ್ದಳು. ಕಾರಿನಡಿಯಲ್ಲಿ ಹುರುಳಿಯ ಸಿಪ್ಪೆಗಳು ಚಟಪಟ ಸಿಡಿಯುತ್ತಿದ್ದವು. ಸಂಜೆಗೆ ಕಾಳು ರಾಶಿಯಾಯಿತು. ನನ್ನ ಹೆಂಡತಿ ಡ್ರೈವರಾದಳು. ಮರುದಿನ ಅವಳು ನನ್ನನ್ನು ಕೂರಿಸಿಕೊಂಡು ಡೆಂಕಣಿಕೋಟೆಯ ಸಂತೆಯ ನಡುವೆಯೇ ಕಾರು ಹಾಯಿಸಿದಾಗ ನಾನು ಬಾಗಿಲ ಮೇಲಿನ ಹಿಡಿಕೆಯನ್ನು ಬಿಟ್ಟು ನಿರಾಳವಾಗಿ ಕೂತಿದ್ದೆ.

ಮುಂದಿನ ಮಳೆಗಾಲದಲ್ಲಿ ನಡುಕ ಬಂತು.

ಬಂದ ನಡುಕಕ್ಕಿಂತ ಅದರ ಬಗ್ಗೆ ಬಂದ ಮಾತುಗಳು ಹೆಚ್ಚು ಕೆಟ್ಟವು. ಟೈರಿನ ಅಂಗಡಿಯವನು ಅವಳನ್ನು ಬಿಟ್ಟು ನನ್ನ ಮುಖ ನೋಡಿ, "ಯಾರು ಸಾರ್ ಓಡ್ಸೋದು? ಮೇಡಮ್ಮಾ?" ಎಂದು ಕೇಳಿ, ಉತ್ತರ ಸಿಕ್ಕಿತೆಂಬಂತೆ ತಲೆಯಾಡಿಸಿದ. ಪಕ್ಕದ ಮನೆಯವರು ಹಾಫ್ ಕ್ಲಚ್ಚಿನ ಕುರಿತು ಉಪನ್ಯಾಸ ಕೊಟ್ಟರು. ಅವಳ ಅಣ್ಣನೂ ಪ್ರೀತಿಯಿಂದಲೇ, "ಕಾರು ನಡುಗಾದಲ್ಲ ಕಣಮ್ಮ, ನಿನ್ ಕೈ ನಡುಗಾದು. ಭಯ ಬಿಡು" ಎಂದ. ಅವಳು ನಕ್ಕಳು. ಆದರೆ ಅಂದು ದಿಣ್ಣೆಯ ಬಳಿ ಬಂದಾಗ ಸ್ಟೇರಿಂಗನ್ನು ಹಿಡಿದ ಅವಳ ಬೆರಳುಗಳ ಗಿಣ್ಣುಗಳು ಬಿಳಿಚಿಕೊಂಡಿದ್ದುದನ್ನು ನಾನು ನೋಡಿದೆ. ಮನೆಗೆ ಬಂದು ಕಾರಿನ ಕೀಲಿಯನ್ನು ಮೊಳೆಗೆ ನೇತುಹಾಕಿ, "ಯಾರಾದ್ರೂ ಕೇಳಿದ್ರೆ ಮಾರ್ಬುಡೋಣ. ನನ್ ಕೈಗೆ ಇದು ಒಗ್ಗಲ್ಲ" ಎಂದಳು.

ಮುಂದಿನ ವಾರ ಅವಳು ಹಿಟ್ಟಿಗಾಗಿ ಬಸ್ಸಿನಲ್ಲಿ ಹೋಗಿ, ಒಂದೇ ಒಂದು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಅತ್ತಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಹುರ್ದಿರೋದು ಇಲ್ಲೇ ಕೂತದೆ. ನೀನ್ ಬರ್ದಿದ್ರೆ ನಾನ್ಯಾಕೆ ಒಲೆ ಮುಂದೆ ಬೇಯ್ಲಿ?"

ನನಗೆ ಯಂತ್ರಗಳ ವಿದ್ಯೆ ತಿಳಿಯದು. ಆದರೆ ದೋಷ ಹುಡುಕುವುದು ನನ್ನ ಜೀವಮಾನದ ಕಸುಬು. ತಪ್ಪು ಯಾವುದೆಂದು ಹೇಳಬೇಕಾದರೆ ಅದು ಎಲ್ಲಿ ಕಾಣಿಸಿಕೊಳ್ಳುತ್ತದೆ, ಎಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂಬೆರಡನ್ನೂ ನೋಡಬೇಕು. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಬೇಕು. ಈ ಎರಡು ನಿಯಮಗಳನ್ನು ಹಿಡಿದುಕೊಂಡು, ಕೀಲಿಯನ್ನು ಮೊಳೆಯಿಂದ ತೆಗೆದು ಅವಳ ಮುಂದೆ ಇಟ್ಟೆ.

"ಮಾರುವುದಾದರೂ ಕಾಯಿಲೆ ಯಾವುದೆಂದು ತಿಳಿದು ಮಾರೋಣ" ಎಂದೆ.

"ಕಾರ್ಗೂ ಪರೀಕ್ಷೆ ಇಡ್ತೀರಾ?"

"ಇಡುತ್ತೇನೆ. ಓಡಿಸುವವಳು ನೀನು."

ಕೆಲಮಂಗಲದ ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವವನೊಬ್ಬ ಅವಳ ಅಣ್ಣನ ಜೊತೆ ಓದಿದವನು. ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನ ಬಳಿಗೆ ಹೋದೆವು. ಬಾನೆಟ್ಟನ್ನು ಎತ್ತುವ ಮೊದಲೇ ಅವನ ತೀರ್ಪು ಸಿದ್ಧವಾಗಿತ್ತು.

"ಟೈರ್ ಸಾರ್. ಟೈರೂ, ಅಲೈನ್‌ಮೆಂಟೂ, ಎಂಜಿನ್ ಕೂರೋ ರಬ್ಬರೂ ಎಲ್ಲಾ ಒಟ್ಗೆ ಮಾಡ್ಬುಡ್ತೀನಿ. ಆಮೇಲೆ ನಡುಗಿದ್ರೆ ನನ್ ಕೇಳಿ."

"ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ವಾಸಿಯಾಯಿತೆಂದು ತಿಳಿಯುವುದು ಹೇಗೆ?"

"ವಾಸಿಯಾದ್ರೆ ಸಾಕಲ್ವಾ ಸಾರ್?"

"ಸಾಲದು. ಒಂದೊಂದಾಗಿ ಮಾಡು."

ಅವನು ನನ್ನ ಹೆಂಡತಿಯ ಕಡೆ ತಿರುಗಿ, "ಅಕ್ಕಾ, ಮನೇಲೂ ಹಿಂಗೇನಾ?" ಎಂದ.

"ಸಾರಿಗೆ ಉಪ್ಪು ಹಾಕಿದ್ಮೇಲೆ ಹುಳಿ ಹಾಕೋಕೆ ಅಪ್ಪಣೆ ಬೇಕು" ಎಂದಳು ಅವಳು. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಆ ತುಂಟತನ ಕೇಳಿಸಿತು.

ಮೊದಲು ಮುಂದಿನ ಚಕ್ರಗಳನ್ನು ಯಂತ್ರದಲ್ಲಿ ತಿರುಗಿಸಿ ಸಮತೂಕ ಮಾಡಿಸಿದೆವು. ಅಂಚಿಗೆ ಸೀಸದ ತುಂಡುಗಳನ್ನು ಹೊಡೆದು ಕೊಟ್ಟರು. ದಿಣ್ಣೆ ಹತ್ತಿದೆವು, ನಡುಕ ಇತ್ತು. ಮುಂದಿನ ಟೈರುಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿದೆವು. ಹೆದ್ದಾರಿಯಲ್ಲಿ ಕಾರು ಮೊದಲಿಗಿಂತ ಹಗುರವಾಗಿ ಓಡಿತು, ದಿಣ್ಣೆಯಲ್ಲಿ ಮಾತ್ರ ಅದೇ ನಡುಕ. ಪ್ರತಿ ಸಲವೂ ಅದೇ ದಿಣ್ಣೆ, ಹಿಂದಿನ ಸೀಟಿನಲ್ಲಿ ಭಾರಕ್ಕೆಂದು ಇಟ್ಟ ಅವೇ ಮಣ್ಣಿನ ಚೀಲಗಳು, ಅದೇ ಗೇರು. ನಾನು ಪ್ರತಿ ಸಲವೂ ಡ್ಯಾಷ್‌ಬೋರ್ಡಿನ ಮೇಲೆ ಅಂಗೈ ಒತ್ತಿಟ್ಟು, ನಾಡಿ ನೋಡುವ ಪಂಡಿತನಂತೆ ಕೂರುತ್ತಿದ್ದೆ. ಬ್ರೇಕು ಒತ್ತಿದಾಗ ನಡುಗುತ್ತದೆಯೇ ಎಂದು ನೋಡಿದೆವು, ಇಲ್ಲ. ನಿಂತಲ್ಲಿಯೇ ಎಂಜಿನ್ನಿನ ವೇಗ ಏರಿಸಿ ನೋಡಿದೆವು, ಇಲ್ಲ. ಗ್ಯಾರೇಜಿನವನು ಪ್ರತಿ ಸಲವೂ, "ಪಾಕ್ಕಲಾಂ ಸಾರ್, ನೋಡೋಣ" ಎನ್ನುತ್ತಿದ್ದ. ಪ್ರತಿ ಸಲವೂ ಮುಂದಿನ ಊಹೆ ಹಿಂದಿನದಕ್ಕಿಂತ ಖಚಿತವಾಗಿರುತ್ತಿತ್ತು.

ಉತ್ತರ ಸಿಕ್ಕಿದ್ದು ಯಾರೂ ಊಹಿಸದೆ ಇದ್ದಾಗ. ದಿಣ್ಣೆಯ ನಡುವೆ ಮೇಕೆಗಳ ಮಂದೆಯೊಂದು ಅಡ್ಡ ಬಂತು. ಅವಳು ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಬ್ರೇಕು ಒತ್ತಲಿಲ್ಲ, ಕಾರು ತನ್ನ ಓಟದಲ್ಲಿಯೇ ಇನ್ನೂ ಮುಂದಕ್ಕೆ ಹೋಗುತ್ತಿತ್ತು. ನನ್ನ ಅಂಗೈಯಡಿಯ ಅದುರು ಥಟ್ಟನೆ ನಿಂತಿತು.

ಅವಳು ನನಗಿಂತ ಮೊದಲು ಮಾತನಾಡಿದಳು. "ನೋಡಿದ್ರಾ? ಕಾಲ್ ಒತ್ತಿದ್ರೆ ನಡುಗ್ತದೆ, ತೆಗೆದ್ರೆ ಸುಮ್ನಾಗ್ತದೆ. ಓಟ ಅದೇ ಇತ್ತು."

ಮೇಕೆಗಳು ದಾಟಿದ ಮೇಲೆ ಅವಳು ಬೇಕೆಂದೇ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ನಡುಕ ಅವಳ ಪಾದವನ್ನು ಹಿಂಬಾಲಿಸಿತು. ಕಾಲು ಒತ್ತಿದರೂ ತೆಗೆದರೂ ಆ ಗಳಿಗೆಯಲ್ಲಿ ಚಕ್ರಗಳ ಸುತ್ತುವಿಕೆ ಒಂದೇ. ಹಾಗಾದರೆ ದೋಷ ಚಕ್ರದಲ್ಲಿಲ್ಲ; ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ದಾರಿಯಲ್ಲಿದೆ. ನಾನು ಇದನ್ನು ನಿಧಾನವಾಗಿ, ಕ್ರಮವಾಗಿ ವಿವರಿಸುತ್ತಿದ್ದೆ. ಅವಳು ನನ್ನ ಮಾತು ಮುಗಿಯುವ ಮೊದಲೇ ಕಾರನ್ನು ತಿರುಗಿಸಿ ಗ್ಯಾರೇಜಿನ ಹಾದಿ ಹಿಡಿದಿದ್ದಳು.

ಗ್ಯಾರೇಜಿನವನು ಅವಳ ಮಾತನ್ನು ಕೇಳಿ, ಈ ಸಲ ತೀರ್ಪು ಕೊಡಲಿಲ್ಲ. ಅವಳೊಂದಿಗೆ ತಾನೂ ಒಂದು ಸಲ ದಿಣ್ಣೆ ಹತ್ತಿ ಬಂದ. ಬಂದವನೇ, "ಅಕ್ಕನ ಕಾಲು ಸರಿಯಾಗೇ ಹೇಳ್ತದೆ" ಎಂದು ಜಾಕಿ ಹಾಕಿದ. ಅಷ್ಟರಲ್ಲಿ ಕೆಲಮಂಗಲಕ್ಕೆ ಬಂದಿದ್ದ ಅವಳ ಅಣ್ಣನೂ ಕಾರು ಕಂಡು ಗ್ಯಾರೇಜಿಗೆ ಬಂದ.

ಇಂಥ ಕಾರುಗಳಲ್ಲಿ ಎಂಜಿನ್ನು ತಿರುಗಿಸುವುದು ಮುಂದಿನ ಚಕ್ರಗಳನ್ನು. ಗೇರುಪೆಟ್ಟಿಗೆಯಿಂದ ಪ್ರತಿ ಚಕ್ರಕ್ಕೂ ಒಂದೊಂದು ಉಕ್ಕಿನ ದಂಡ, ಶಾಫ್ಟು, ಹೋಗಿರುತ್ತದೆ. ಅದರ ಎರಡು ತುದಿಗಳಲ್ಲಿಯೂ ಗ್ರೀಸು ತುಂಬಿದ ಜಾಯಿಂಟುಗಳು, ಅವುಗಳ ಮೇಲೆ ರಬ್ಬರಿನ ಮುಸುಕು. ಗ್ಯಾರೇಜಿನವನು ಟಾರ್ಚು ಹಿಡಿದು ಕಾರಿನಡಿಗೆ ತೂರಿದ. ಆಮೇಲೆ ಕರಿಯ ಹಗ್ಗದ ತುಂಡಿನಂಥದ್ದೇನನ್ನೋ ಹೊರಕ್ಕೆ ಎಸೆದ. ಮತ್ತೊಂದು. ಇನ್ನೊಂದು.

ಅವಳ ಅಣ್ಣ ಬಗ್ಗಿ ಒಂದನ್ನು ಎತ್ತಿಕೊಂಡು, ಬೆರಳಿನಲ್ಲಿ ಹೊಸಕಿ, ಗ್ರೀಸು ಒರೆಸಿ ನೋಡಿದ. ಹಗ್ಗವಲ್ಲ. ಬಿಗಿಯಾಗಿ ಹೊಸೆದುಕೊಂಡ ಬಳ್ಳಿ.

"ಇದು ಹುರುಳಿ ಕಣ್ಲಾ" ಎಂದ.

"ಹುರುಳಿನೇ. ಶಾಫ್ಟ್‌ಗೆ ಸುತ್ಕೊಂಡು, ಸುತ್ಕೊಂಡು, ರಬ್ಬರ್ ಹತ್ರ ಹೋಗಿ ಹರ್ದಾಕ್ಬುಟ್ಟದೆ" ಎಂದಿತು ಕಾರಿನಡಿಯ ದನಿ. "ಗ್ರೀಸೆಲ್ಲಾ ಆಚೆ, ಮಣ್ಣೆಲ್ಲಾ ಒಳಗೆ. ಯಾರ್ ಹೊಲದ್ದೋ ಏನೋ."

"ನಾನು ಇನ್ಯಾರ್ ಹುರುಳಿ ಮೇಲೆ ಓಡ್ಸಿದ್ದೆ?" ಎಂದಳು ನನ್ನ ಹೆಂಡತಿ.

ಅಣ್ಣ ಬಳ್ಳಿಯ ತುಂಡನ್ನು ಕೆಳಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದು ನಿಂತ. ಗ್ಯಾರೇಜಿನವನು ಹೊರಗೆ ಬಂದು ಅವನ ಮುಖ ನೋಡಿ ನಗತೊಡಗಿದ. "ಏನ್ಲಾ, ತಂಗಿ ಕೈ ನಡುಗ್ತದೆ ಅಂದ್ಯಂತೆ. ಕಾರ್ ನಡುಗ್ಸಿರೋದು ನೀನಲ್ಲೇನ್ಲಾ."

"ನಾನೇನ್ ಕಂಡೆ? ಎಲ್ರೂ ಹಂಗೇ ತಾನೇ ಒಕ್ಕೋದು" ಎಂದ ಅಣ್ಣ. ಆಮೇಲೆ ತಂಗಿಯ ಕಡೆ ನೋಡದೆಯೇ, "ನಿನ್ ಕೈ ಚೆನ್ನಾಗೇ ಅದೆ ಕಣಮ್ಮ" ಎಂದ.

ರಿಪೇರಿಯನ್ನು ನಾವು ಮೂವರೂ ನಿಂತು ನೋಡಿದೆವು. ಚಕ್ರ ಕಳಚಿ, ನಡುವಿನ ದೊಡ್ಡ ನಟ್ಟನ್ನು ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ ಬಿಚ್ಚಿ, ಸೋರುವ ಎಣ್ಣೆಗೆಂದು ಗೇರುಪೆಟ್ಟಿಗೆಯ ಬಾಯಿಗೆ ತಗಡಿನ ಬೋಗುಣಿ ಹಿಡಿದು, ಶಾಫ್ಟನ್ನು ಹೊರಕ್ಕೆ ಎಳೆದ. ಒಳತುದಿಯ ಬಟ್ಟಲನ್ನು ಡೀಸೆಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಾಗ ಅದರೊಳಗೆ ಮೂರು ತೋಡುಗಳು ಕಂಡವು. ಆ ತೋಡುಗಳಲ್ಲಿ ಜಾರಾಡಬೇಕಾದ ಮೂರು ಉಕ್ಕಿನ ಉರುಳೆಗಳು ಒಣಗಿ ಕಂದಿದ್ದವು. ನನ್ನ ಹೆಂಡತಿ ತೋಡೊಂದರಲ್ಲಿ ಉಗುರು ಸವರಿದಳು. ಉಗುರು ಒಂದೆಡೆ ಸಿಕ್ಕಿಕೊಂಡಿತು. ಸಣ್ಣ ಗುಳಿ. ಕಾಲು ಒತ್ತಿದಾಗ ಕಾರನ್ನು ದಿಣ್ಣೆ ಹತ್ತಿಸುವ ಬಲವೆಲ್ಲ ಆ ಉರುಳೆಗಳ ಮೇಲೆ ಬೀಳಬೇಕು; ಅವು ಪ್ರತಿ ಸುತ್ತಿಗೂ ಆ ಗುಳಿಗಳಲ್ಲಿ ಎಡವುತ್ತಿದ್ದವು. ಕಾಲು ತೆಗೆದರೆ ಭಾರವಿಲ್ಲ, ಎಡವುವುದೂ ಇಲ್ಲ. ಇಷ್ಟು ದಿನ ಎಲ್ಲರೂ ಅವಳ ಭಯವೆಂದು ಕರೆದದ್ದು ಅವಳ ಉಗುರಿನ ತುದಿಗೆ ಸಿಗುವಂಥ ವಸ್ತುವಾಗಿತ್ತು. ಅವಳು ಅದನ್ನು ಮತ್ತೊಮ್ಮೆ, ಮೆಲ್ಲಗೆ, ಸವರಿದಳು.

ಹೊಸೂರಿನಿಂದ ಹೊಸ ಜಾಯಿಂಟು ಬಂತು, ಹೊಸ ರಬ್ಬರು ಮುಸುಕು ಬಂತು, ಅದರೊಳಗೆ ಗ್ರೀಸು ತುಂಬಿತು. ಗ್ಯಾರೇಜಿನವನು ಎಂಜಿನ್ನಿನ ರಬ್ಬರುಗಳನ್ನೂ ಈಗಲೇ ಬದಲಿಸಿಬಿಡೋಣವೆಂದು ಆಸೆಯಿಂದ ನನ್ನತ್ತ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ, "ಒಂದೊಂದಾಗಿ, ಗೊತ್ತು ಸಾರ್" ಎಂದ.

ಪರೀಕ್ಷೆಗೆ ಅವಳು ಒಬ್ಬಳೇ ಹೋಗುತ್ತೇನೆಂದಳು. ನಾನು ಗ್ಯಾರೇಜಿನ ಬೆಂಚಿನ ಮೇಲೆ ಕೂತೆ. ಅವಳ ಅಣ್ಣ ಕೂರಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು, ಬರುವ ಪ್ರತಿ ಬಿಳಿ ಕಾರಿಗೂ ಕತ್ತು ಚಾಚುತ್ತಿದ್ದ. ಹೋದವಳು ಬೇಗ ಬರಲಿಲ್ಲ. ಚಹಾ ತರಿಸಿ ಕುಡಿದೆವು. ನಡುವೆ ಎಲ್ಲಾದರೂ ನಿಂತುಬಿಟ್ಟಿತೇ ಎಂದು ಗ್ಯಾರೇಜಿನವನೂ ಎದ್ದು ರಸ್ತೆಯತ್ತ ನೋಡತೊಡಗಿದ. ಕೊನೆಗೆ ಕಾರು ಬಂತು. ಹಿಂದಿನ ಸೀಟು ಚೀಲಗಳಿಂದ ತುಂಬಿತ್ತು. ಚೀಲಗಳ ನಡುವೆ ಅವಳ ಅತ್ತಿಗೆ ತಲೆಗೂದಲಿಗೆಲ್ಲ ಹಿಟ್ಟು ಹತ್ತಿಸಿಕೊಂಡು ಕೂತಿದ್ದಳು. ನನ್ನ ಹೆಂಡತಿ ದಿಣ್ಣೆ ಹತ್ತಿ, ತಿರುಗದೆ ನೇರವಾಗಿ ಹಳ್ಳಿಗೇ ಹೋಗಿ, ಕಾದಿದ್ದ ಹಿಟ್ಟನ್ನೆಲ್ಲ ತುಂಬಿಕೊಂಡು ಬಂದಿದ್ದಳು.

"ಏನಾಯ್ತು?" ಎಂದ ಅಣ್ಣ.

"ಏನೂ ಆಗ್ಲಿಲ್ಲ" ಎಂದಳು ಅವಳು. ಅದೇ ಉತ್ತರ.

ಆ ವರ್ಷದ ಹುರುಳಿ ಕೊಯ್ಲಿಗೆ ನಾವು ಹಳ್ಳಿಗೆ ಹೋದಾಗ ಅಣ್ಣನ ಮನೆಯ ಮುಂದಿನ ರಸ್ತೆಯಲ್ಲಿ ಬೆಳೆ ಹರಡಿತ್ತು. ಹರಡಿದ ರೀತಿ ಮಾತ್ರ ಹೊಸದು: ರಸ್ತೆಯ ಒಂದು ಮಗ್ಗುಲಿಗಷ್ಟೆ. ಇನ್ನೊಂದು ಮಗ್ಗುಲು ಕಾರು ಹೋಗುವಷ್ಟು ಅಗಲಕ್ಕೆ ಗುಡಿಸಿದಂತೆ ಬರಿದಾಗಿತ್ತು. ಹುರುಳಿಯ ಮೇಲೆ ಪಕ್ಕದ ಮನೆಯವರ ಟ್ರ್ಯಾಕ್ಟರು ಗುಡುಗುಡು ಎನ್ನುತ್ತ ಓಡಾಡುತ್ತಿತ್ತು. ಅದರ ಹೊಟ್ಟೆ ಬಳ್ಳಿಗಳಿಂದ ಬಲು ಎತ್ತರದಲ್ಲಿದೆ. ಅಣ್ಣ ಕವೆಗೋಲು ಹಿಡಿದು, ನಮಗಿಂತ ಮೊದಲು ಬಂದ ಯಾವುದೋ ಬಾಡಿಗೆ ಕಾರನ್ನು ಬರಿದಾದ ಮಗ್ಗುಲಿಗೆ ತಿರುಗಿಸುತ್ತಿದ್ದ. ಆ ಡ್ರೈವರು, "ಯಾಕ್ ಗೌಡ್ರೇ, ನಾವ್ ಹಾಯ್ದ್ರೆ ಕಾಳು ಕೆಡ್ತದಾ?" ಎಂದು ತುಸು ಮುನಿಸಿನಿಂದಲೇ ಕೇಳಿದ್ದು ನಮಗೂ ಕೇಳಿಸಿತು.

"ಕಾಳಿಗೇನಾಗಲ್ಲ. ನಿನ್ ಕಾರ್ ನಡುಗ್ತದೆ. ಆಮೇಲೆ ಮನೇಲಿ ಹೆಂಗಸ್ರನ್ನ ಬಯ್ತೀಯ" ಎಂದ ಅಣ್ಣ.

ನನ್ನ ಹೆಂಡತಿ ಗಾಜು ಇಳಿಸಿದ್ದಳು. ಕೇಳಿಯೂ ಕೇಳದವಳಂತೆ ಮುಂದೆ ನೋಡುತ್ತಿದ್ದಳು. ಅಣ್ಣ ಕವೆಗೋಲು ಎತ್ತಿ ದಾರಿ ತೋರಿಸಿದ. ಅವಳು ಬರಿದಾದ ಮಗ್ಗುಲಿನಲ್ಲಿ, ಚಕ್ರಕ್ಕೂ ಬಳ್ಳಿಗೂ ಗೇಣು ಅಂತರವಿಟ್ಟು, ಒಂದೇ ಹದದಲ್ಲಿ ಕಾರು ಹಾಯಿಸಿದಳು. ಆಚೆಗೆ ರಸ್ತೆ ಸ್ವಲ್ಪ ಏರುತ್ತದೆ. ಅವಳ ಕಾಲು ಒತ್ತಿತು, ಕಾರು ಏರಿತು.

"ಕೈ ತೆಗೀರಿ" ಎಂದಳು.

ನನ್ನ ಅಂಗೈ ಅಭ್ಯಾಸಬಲದಿಂದ ಇನ್ನೂ ಡ್ಯಾಷ್‌ಬೋರ್ಡಿನ ಮೇಲೆಯೇ ಇತ್ತು. ತೆಗೆದು ತೊಡೆಯ ಮೇಲಿಟ್ಟುಕೊಂಡೆ.